480 ನಿಮಿಷದ ಭಟ್ಟಿ

ಒಂದು ಬೇಕರಿಯ ಲೆಕ್ಕಕ್ಕೆಂದು ಮಾಡಿದ ಎಕ್ಸೆಲ್ ಶೀಟಿನಲ್ಲಿ ತಪ್ಪಿದ್ದದ್ದು ಒಂದೇ ಸೆಲ್. 'ಭಟ್ಟಿಯ ಸಾಮರ್ಥ್ಯ' ಅನ್ನುವುದರ ಎದುರು 480 ಎಂದಿತ್ತು, 1920 ಇರಬೇಕಿತ್ತು. ಲೆಕ್ಕ ಮಾಡಿದ ಐವರು ವಿದ್ಯಾರ್ಥಿಗಳಾಗಲಿ, ಪಾಠ ಹೇಳುವ ನಾನಾಗಲಿ, ಪ್ರಸೆಂಟೇಷನ್ ಕೇಳಲು ಕೂತಿದ್ದ ಇನ್ನಿಬ್ಬರು ಮೇಷ್ಟ್ರುಗಳಾಗಲಿ ಯಾರೂ ಅದನ್ನು ಗಮನಿಸಲಿಲ್ಲ. ಗಮನಿಸದಿರಲು ಕಾರಣವೂ ಇತ್ತು. ಆ ತಪ್ಪಿನಿಂದ ಹೊರಬಂದ ಉತ್ತರವನ್ನು ನಾವೆಲ್ಲ ಲೆಕ್ಕಕ್ಕೆ ಕೂರುವ ಮೊದಲೇ ನಂಬಿಬಿಟ್ಟಿದ್ದೆವು.

ಎಂಬಿಎ ಮಕ್ಕಳಿಗೆ ಉತ್ಪಾದನೆ ಮತ್ತು ಕಾರ್ಯಾಚರಣೆ ನಿರ್ವಹಣೆ ಪಾಠ ಮಾಡುವಾಗ ಅರ್ಧ ಸೆಮಿಸ್ಟರ್ ಎಕ್ಸೆಲ್ ಮೇಲೆಯೇ ಕಳೆಯುತ್ತದೆ. ಪಠ್ಯದ ಕೊನೆಯಲ್ಲಿರುವ ಲೆಕ್ಕಗಳನ್ನು ಯಾರು ಬೇಕಾದರೂ ಬಿಡಿಸುತ್ತಾರೆ, ಅಲ್ಲಿ ಬೇಕಾದ ಅಂಕಿಯೆಲ್ಲ ಮೊದಲೇ ಕೊಟ್ಟಿರುತ್ತಾರೆ. ಅಂಕಿಯನ್ನು ತಾವೇ ಹೋಗಿ ಹೆಕ್ಕಿ ತರಲಿ ಅಂತ ಪ್ರತಿ ತಂಡಕ್ಕೂ ಕ್ಯಾಂಪಸ್ಸಿನ ಆಸುಪಾಸಿನ ಒಂದು ವ್ಯಾಪಾರ ಹುಡುಕಿಕೊಳ್ಳಲು ಹೇಳುತ್ತೇನೆ. ಒಂದು ತಂಡ ಗೇಟಿನ ಎದುರಿನ ಅಯ್ಯಂಗಾರ್ ಬೇಕರಿ ಹಿಡಿಯಿತು. ಅದರಲ್ಲಿ ಖಾರಾ ಬನ್ನಿನ ಪಾತ್ರವೂ ಇದೆ ಅಂತ ನನಗೆ ಅನುಮಾನ.

ಯಜಮಾನರು ಹಾಸನದ ಕಡೆಯವರು. ಅವರ ಪ್ರಶ್ನೆ ನೇರವಾಗಿತ್ತು: ಎರಡನೇ ಭಟ್ಟಿ ಕಟ್ಟಿಸಲೋ ಬೇಡವೋ? ಬೆಳಿಗ್ಗೆ ಹತ್ತೂವರೆಗೆಲ್ಲ ಖಾರಾ ಬನ್ ಖಾಲಿ, ಕಾಲೇಜಿನ ಹುಡುಗರು ವಾಪಸ್ ಹೋಗುತ್ತಾರೆ. ರಾತ್ರಿ ಬಾಗಿಲು ಹಾಕುವಾಗ ಬ್ರೆಡ್ ಮಾತ್ರ ಉಳಿದಿರುತ್ತದೆ. "ಭಟ್ಟಿ ಸಾಲ್ತಾ ಇಲ್ಲ ಮೇಷ್ಟ್ರೇ. ಬ್ಯಾಂಕಿನವರು ಸಾಲ ಕೊಡ್ತೀನಿ ಅಂದಿದಾರೆ. ನಿಮ್ಮ ಮಕ್ಕಳ ಕಂಪ್ಯೂಟರ್ ಏನನ್ನುತ್ತೆ ನೋಡೇಬಿಡೋಣ" ಅಂದರು.

ಮಕ್ಕಳು ಒಂದು ವಾರ ಬೇಕರಿಯ ಹಿಂದಿನ ಕೋಣೆಯಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಂತರು. ಹತ್ತಾರು ತಿಂಡಿಗಳಲ್ಲಿ ನಾಲ್ಕನ್ನು ಆರಿಸಿಕೊಂಡರು. ಕೆಳಗಿನ ಅಂಕಿಗಳನ್ನು ಪಾಠಕ್ಕೆಂದು ದುಂಡು ಮಾಡಿದ್ದೇವೆ. ಅಂಗಡಿಯ ನಿಜವಾದ ಗಲ್ಲಾದ ಲೆಕ್ಕ ಇದಲ್ಲ.

| ತಿಂಡಿ (ಒಂದು ಟ್ರೇಗೆ) | ಭಟ್ಟಿಯಲ್ಲಿ | ಕೈಕೆಲಸ | ಉಳಿಯುವ ಹಣ | ದಿನಕ್ಕೆ ಹೆಚ್ಚೆಂದರೆ |
|---|---|---|---|---|
| ಬ್ರೆಡ್ (12) | 30 ನಿ. | 12 ನಿ. | ₹96 | 24 ಟ್ರೇ |
| ಖಾರಾ ಬನ್ (30) | 15 ನಿ. | 20 ನಿ. | ₹150 | 20 ಟ್ರೇ |
| ವೆಜ್ ಪಫ್ (24) | 25 ನಿ. | 30 ನಿ. | ₹180 | 16 ಟ್ರೇ |
| ಬೆಣ್ಣೆ ಬಿಸ್ಕತ್ | 18 ನಿ. | 15 ನಿ. | ₹110 | 18 ಟ್ರೇ |

ಮೈದಾ, ಬೆಣ್ಣೆ, ಈರುಳ್ಳಿ, ಹಸಿಮೆಣಸಿನಕಾಯಿಯ ಖರ್ಚು ಕಳೆದ ಮೇಲಿನ ಹಣ ಇದು. ಕೂಲಿ, ಸೌದೆ, ಬಾಡಿಗೆ ಕಳೆದಿಲ್ಲ, ಅವು ಯಾವ ಟ್ರೇ ಎಷ್ಟು ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಕೆಲಸಕ್ಕೆ ಮೂರು ಜನ, ಒಬ್ಬೊಬ್ಬರಿಂದ ಏಳು ಗಂಟೆ, ಒಟ್ಟು 1260 ನಿಮಿಷ. ಭಟ್ಟಿ ಬೆಳಿಗ್ಗೆ ಐದರಿಂದ ಮಧ್ಯಾಹ್ನ ಒಂದರವರೆಗೆ, ಎಂಟು ಗಂಟೆ.

ಇರುವ ಮಿತಿಗಳೊಳಗೇ ಗಳಿಕೆಯನ್ನು ಆದಷ್ಟು ಹೆಚ್ಚಿಸುವ ಲೆಕ್ಕಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಅನ್ನುತ್ತಾರೆ, ಇದು ಅದರ ಮೊದಲ ಪಾಠಕ್ಕೆ ಹೇಳಿ ಮಾಡಿಸಿದ್ದು. 1939ರಲ್ಲಿ ಸೋವಿಯತ್ ಒಕ್ಕೂಟದ ಗಣಿತಜ್ಞ ಕಾಂಟೊರೊವಿಚ್ ಪ್ಲೈವುಡ್ ಕಾರ್ಖಾನೆಯ ಯಂತ್ರಗಳಿಗೆ ಕೆಲಸ ಹಂಚಲು ಹೊರಟು ಇಂಥದ್ದೇ ಲೆಕ್ಕಕ್ಕೆ ಕೂತಿದ್ದರು. 1947ರಲ್ಲಿ ಅಮೆರಿಕದ ಗಣಿತಜ್ಞ ಡಾಂಟ್ಜಿಗ್ ಅದನ್ನು ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕೊಟ್ಟರು. ನಾನು ಓದುವಾಗ ಸಿಂಪ್ಲೆಕ್ಸ್ ಕೋಷ್ಟಕವನ್ನು ಕೈಯಲ್ಲೇ ಬರೆಯಬೇಕಿತ್ತು. ಮೂರನೇ ಕೋಷ್ಟಕದಲ್ಲಿ ಒಂದು ಭಿನ್ನರಾಶಿ ತಪ್ಪಿದರೆ ಮುಗಿಯಿತು, ಮತ್ತೆ ಮೊದಲಿಂದ. ಅಂದಹಾಗೆ, ಕಂಪ್ಯೂಟರಿಗೆ ಸ್ಪ್ರೆಡ್‌ಶೀಟ್ ಬಂದದ್ದರ ಹಿಂದೆಯೂ ಒಂದು ಬಿಸಿನೆಸ್ ಸ್ಕೂಲಿನ ತರಗತಿ ಇದೆ. ಹಾರ್ವರ್ಡಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಬೋರ್ಡಿನ ಮೇಲಿನ ಲೆಕ್ಕದಲ್ಲಿ ಒಂದು ಅಂಕಿ ಬದಲಾದರೆ ಉಳಿದವನ್ನೆಲ್ಲ ಅಳಿಸಿ ಬರೆಯಬೇಕಾದ ಪಾಡು ನೋಡಿ, ಬಾಬ್ ಫ್ರಾಂಕ್‌ಸ್ಟನ್ ಜತೆ ಸೇರಿ 1979ರಲ್ಲಿ ವಿಸಿಕ್ಯಾಲ್ಕ್ ಹೊರತಂದರು. ಈಗ ಎಕ್ಸೆಲ್ಲಿನ ಜತೆಗೇ ಬರುವ, ಇಂಥ ಲೆಕ್ಕ ಬಿಡಿಸುವ ಸಾಲ್ವರ್ 200 ಅಪರಿಚಿತ ಸಂಖ್ಯೆಗಳವರೆಗೆ ನಿಭಾಯಿಸುತ್ತದೆ. ನಮಗೆ ಬೇಕಿದ್ದದ್ದು ನಾಲ್ಕು.

ಮಕ್ಕಳು ಶೀಟ್ ಅಚ್ಚುಕಟ್ಟಾಗಿ ಕಟ್ಟಿದ್ದರು. ಬದಲಾಗುವ ನಾಲ್ಕು ಸೆಲ್‌ಗಳಿಗೆ ಹಳದಿ, ಅಂಗಡಿಯಿಂದ ತಂದ ಅಂಕಿಗಳಿಗೆ ನೀಲಿ, ಸೂತ್ರಗಳಿಗೆ ಕಪ್ಪು. ಪ್ರತಿ ಮಿತಿಗೂ ಒಂದೊಂದು ಸಾಲು, ಎಡಕ್ಕೆ ಬಳಸಿದ್ದು, ಬಲಕ್ಕೆ ಇರುವುದು. ಗುಣಿಸಿ ಕೂಡಿಸುವ ಸಮ್‌ಪ್ರಾಡಕ್ಟ್ ಸೂತ್ರ ಒಂದಾದರೂ ತಪ್ಪಿರಲಿಲ್ಲ. ಅವರಿಗೆ ಅಂಕ ಕೊಡುವಾಗ ನಾನು ನೋಡಿದ್ದೂ ಅದನ್ನೇ.

ಸಾಲ್ವರ್ ಕೊಟ್ಟ ಉತ್ತರ: ಖಾರಾ ಬನ್ 20 ಟ್ರೇ, ಪಫ್ 7.2, ಬ್ರೆಡ್ ಸೊನ್ನೆ, ಬಿಸ್ಕತ್ ಸೊನ್ನೆ. ದಿನಕ್ಕೆ ₹4,296. ಭಟ್ಟಿಯ ಸಾಲು ಪೂರ್ತಿ ತುಂಬಿತ್ತು, ಕೈಕೆಲಸದ ಸಾಲಿನಲ್ಲಿ ಅರ್ಧಕ್ಕರ್ಧ ಖಾಲಿ. ಎರಡನೇ ಭಟ್ಟಿ ಇದೆ ಅಂತ ಭಾವಿಸಿ ಸಾಮರ್ಥ್ಯವನ್ನು 960 ಮಾಡಿದಾಗ ಮೊತ್ತ ₹7,469ಕ್ಕೆ ಏರಿತು. ದಿನಕ್ಕೆ ಮೂರು ಸಾವಿರಕ್ಕಿಂತ ಹೆಚ್ಚು! ಸ್ಲೈಡಿನಲ್ಲಿ ಎರಡು ಕಂಬಗಳ ಚಿತ್ರ, ಒಂದು ಗಿಡ್ಡ, ಒಂದು ಎತ್ತರ. ತಂಡದ ನಾಯಕ ಸಾಲದ ಕಂತಿನ ಲೆಕ್ಕವನ್ನೂ ಹಾಕಿ ತೋರಿಸಿದ. ನಾವು ಚಪ್ಪಾಳೆ ತಟ್ಟಿದೆವು. ಅವತ್ತೇ ಸಂಜೆ ಯಾರೋ ಯಜಮಾನರಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದರು. "ನಾನು ಹೇಳಿರಲಿಲ್ವಾ" ಅಂದರಂತೆ.

ಮರುವಾರ ತರಗತಿಯಲ್ಲಿ ಬೇರೆ ತಂಡದ ಹುಡುಗಿಯೊಬ್ಬಳು ಕೈ ಎತ್ತಿದಳು. ಬಿಕಾಂ ಓದಿ ಬಂದವಳು, ಅಪ್ಪನ ದಿನಸಿ ಅಂಗಡಿಯ ಲೆಕ್ಕ ಬರೆದು ಅಭ್ಯಾಸವಿದ್ದವಳು. "ಸರ್, ಸಾಲ್ವರ್ ಹೇಳಿದ್ದು ಬಿಡಿ. ಅಂಗಡಿಯಲ್ಲಿ ಮೊನ್ನೆ ನಿಜವಾಗಿ ಎಷ್ಟು ಟ್ರೇ ತೆಗೆದರೋ ಅದನ್ನೇ ಹಳದಿ ಸೆಲ್‌ಗೆ ಹಾಕಿದರೆ ಏನು ಬರುತ್ತೆ?"

ಹಾಕಿದೆವು. ಬ್ರೆಡ್ 22, ಖಾರಾ ಬನ್ 14, ಪಫ್ 10, ಬಿಸ್ಕತ್ 16. ಭಟ್ಟಿಯ ಸಾಲಿನಲ್ಲಿ 1408 ಬಂತು, ಪಕ್ಕದಲ್ಲಿ ಮಿತಿ 480. ಅಂದರೆ ನಮ್ಮ ಶೀಟಿನ ಪ್ರಕಾರ ಆ ಅಂಗಡಿ ದಿನಾ ನಡೆಸುತ್ತಿದ್ದ ವ್ಯಾಪಾರ ನಡೆಯಲು ಸಾಧ್ಯವೇ ಇಲ್ಲ. ಇನ್ನೂ ಮುಜುಗರದ ಸಂಗತಿ ಕೆಳಗಿನ ಸೆಲ್‌ನಲ್ಲಿತ್ತು: ₹7,772. ಯಾವ ಸಾಲ್ವರನ್ನೂ ಕೇಳದೆ ಯಜಮಾನರು ಗಳಿಸುತ್ತಿದ್ದದ್ದು, ನಾವು 'ಅತ್ಯುತ್ತಮ' ಅಂತ ಕೊಟ್ಟ ₹4,296ರ ಒಂದೂಮುಕ್ಕಾಲು ಪಟ್ಟಿಗಿಂತ ಹೆಚ್ಚು. ಎರಡನೇ ಭಟ್ಟಿ ಕಟ್ಟಿಸಿದರೂ ನಮ್ಮ ಸಲಹೆಯಿಂದ ಅವರಿಗೆ ನಷ್ಟವೇ ಆಗುತ್ತಿತ್ತು. ಬ್ರೆಡ್ಡನ್ನೇ ಮಾಡಬೇಡಿ ಅಂತ ಒಂದು ಬೇಕರಿಗೆ ಹೇಳಿದ ಉತ್ತರವನ್ನು ಎಂಟು ಜನ ಓದಿದವರು ನೋಡಿಯೂ ಸುಮ್ಮನಿದ್ದೆವು.

ತಪ್ಪಿನ ಮೂಲ ಸಿಗಲು ಐದು ನಿಮಿಷ ಸಾಕಾಯಿತು. ಎಂಟು ಗಂಟೆಯನ್ನು 60ರಿಂದ ಗುಣಿಸಿ 480 ಬರೆದಿದ್ದರು. ಆದರೆ ಎಡಗಡೆ ಇದ್ದದ್ದು ಒಂದೊಂದು ಟ್ರೇ ಬೇಯುವ ನಿಮಿಷ. ಭಟ್ಟಿಯಲ್ಲಿ ಒಮ್ಮೆಗೆ ನಾಲ್ಕು ಟ್ರೇ ಹಿಡಿಯುತ್ತವೆ. ಹಾಗಾಗಿ ಬಲಗಡೆ ಬೇಕಾದದ್ದು ಬರೀ ನಿಮಿಷವಲ್ಲ, ಟ್ರೇ-ನಿಮಿಷ: 480ರ ನಾಲ್ಕು ಪಟ್ಟು, 1920. ಅಳತೆಯ ಮಾನವನ್ನು ಅಂಕಿಯ ಪಕ್ಕದಲ್ಲಿ ಬರೆದಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು. ಬರೆದಿರಲಿಲ್ಲ.

ಆ ದಿನ ತರಗತಿಯ ಉಳಿದ ಹೊತ್ತು ಥಾಮಸ್ ಹರ್ನ್‌ಡನ್ ಕಥೆಗೆ ಹೋಯಿತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸಿನ ವಿದ್ಯಾರ್ಥಿ. ದೇಶಗಳ ಸಾಲಕ್ಕೂ ಬೆಳವಣಿಗೆಗೂ ಇರುವ ನಂಟಿನ ಬಗ್ಗೆ ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗಾಫ್ 2010ರಲ್ಲಿ ಬರೆದಿದ್ದ ಹೆಸರಾಂತ ಪ್ರಬಂಧದ ಲೆಕ್ಕವನ್ನು ಮತ್ತೆ ಮಾಡಿ ನೋಡುವುದು ಅವನ ಕ್ಲಾಸಿನ ಅಸೈನ್‌ಮೆಂಟ್. ಏನು ಮಾಡಿದರೂ ಅವರ ಅಂಕಿ ಬರಲಿಲ್ಲ. ಕೊನೆಗೆ ಅವರದೇ ಎಕ್ಸೆಲ್ ಶೀಟ್ ತರಿಸಿ ನೋಡಿದರೆ, ಸರಾಸರಿಯ ಸೂತ್ರ ಐದು ಸಾಲು ಮೊದಲೇ ನಿಂತುಬಿಟ್ಟಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕದಿಂದಲೇ ಹೊರಗೆ. ಆ ಪ್ರಬಂಧದ ಮೇಲೆ ಇದ್ದ ಆಕ್ಷೇಪಗಳಲ್ಲಿ ಇದು ಒಂದು ಮಾತ್ರ, ಇದೇ ಎಲ್ಲಕ್ಕಿಂತ ದೊಡ್ಡದೂ ಅಲ್ಲ. ಆದರೂ 2013ರಲ್ಲಿ ಅದು ಹೊರಬಿದ್ದಾಗ ಜಗತ್ತೆಲ್ಲ ಮಾತಾಡಿದ್ದು ಆ ಸೂತ್ರದ ಬಗ್ಗೆಯೇ. ಖರ್ಚು ಬಿಗಿ ಮಾಡಬೇಕು ಅನ್ನುತ್ತಿದ್ದ ಸರಕಾರಗಳಿಗೆ, ಸಾಲ ಮಿತಿಮೀರಿದರೆ ಬೆಳವಣಿಗೆ ಕುಗ್ಗುತ್ತದೆ ಅನ್ನುವ ಆ ಪ್ರಬಂಧದ ಉತ್ತರ ಬೇಕಾಗಿತ್ತು ಅಂತ ನಮ್ಮ ದಿನಸಿ ಅಂಗಡಿಯ ಹುಡುಗಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಸೆಲ್ ತಿದ್ದಿ ಮತ್ತೆ ಸಾಲ್ವರ್ ಓಡಿಸಿದೆವು. ಈ ಸಲ ಬ್ರೆಡ್, ಖಾರಾ ಬನ್, ಬಿಸ್ಕತ್ ಮೂರೂ ಪೂರ್ತಿ, ಪಫ್ ಮಾತ್ರ 16ರ ಬದಲು 10.07 ಟ್ರೇ. ಮೊತ್ತ ₹9,096. ಕೈಕೆಲಸ ತುಂಬಿಹೋಗಿತ್ತು, ಭಟ್ಟಿ ಖಾಲಿ ಉಳಿದಿತ್ತು. ಉತ್ತರ ತಲೆಕೆಳಗಾಗಿತ್ತು. ಸಾಲ್ವರಿನ ಸೆನ್ಸಿಟಿವಿಟಿ ವರದಿಯಲ್ಲಿ ಷಾಡೋ ಪ್ರೈಸ್ ಅನ್ನುವ ಕಾಲಂ ಇರುತ್ತದೆ: ಆ ಸಂಪನ್ಮೂಲ ಇನ್ನೊಂದು ಚೂರು ಸಿಕ್ಕರೆ ಗಳಿಕೆ ಎಷ್ಟು ಏರುತ್ತದೆ ಅನ್ನುವ ಲೆಕ್ಕ. ಕೈಕೆಲಸದ ಎದುರು ನಿಮಿಷಕ್ಕೆ ₹6, ಭಟ್ಟಿಯ ಎದುರು ಸೊನ್ನೆ.

ಹೊಸ ಭಟ್ಟಿ ಬೇಡವೇ ಬೇಡ, ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳಿ ಅಂತ ಹೇಳಲು ಮಕ್ಕಳು ಮತ್ತೆ ಅಂಗಡಿಗೆ ಹೋದರು. ಯಜಮಾನರು ನಕ್ಕುಬಿಟ್ಟರು. "ಭಟ್ಟಿ ಖಾಲಿ ಇರುತ್ತಾ? ನಾಳೆ ಬೆಳಿಗ್ಗೆ ಆರಕ್ಕೆ ಬಂದು ನೋಡ್ರಪ್ಪ."

ಮೊದಲ ವಾರ ತಾವು ನಿಂತು ಅಳೆದದ್ದು ಬಹುತೇಕ ಹತ್ತು ಗಂಟೆಯ ನಂತರ ಅಂತ ಮಕ್ಕಳು ಆಗ ಬಾಯಿಬಿಟ್ಟರು. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದರೆ ಭಟ್ಟಿಯ ಬಾಯಿಯ ಮುಂದೆ ಬನ್ನಿನ ಟ್ರೇಗಳು ಒಂದರ ಮೇಲೊಂದು ಕಾಯುತ್ತ ಕೂತಿದ್ದವು. ಹಿಟ್ಟು ಉಬ್ಬಿ ಇಳಿಯುವ ಹಂತಕ್ಕೆ ಬಂದಿತ್ತು. ಒಳಗೆ ಬ್ರೆಡ್.

ಸೌದೆ ಭಟ್ಟಿಯ ಗುಣ ಗ್ಯಾಸ್ ಅಥವಾ ಕರೆಂಟಿನ ಓವನ್ನಿನದ್ದಲ್ಲ. ರಾತ್ರಿಯೆಲ್ಲ ಒಳಗೇ ಬೆಂಕಿ ಹಾಕಿ, ಇಟ್ಟಿಗೆ ಚೆನ್ನಾಗಿ ಕಾದ ಮೇಲೆ ಕೆಂಡ ಬೂದಿಯನ್ನು ಎಳೆದು ಹಾಕುತ್ತಾರೆ. ಆಮೇಲೆ ಬೇಯುವುದೆಲ್ಲ ಇಟ್ಟಿಗೆ ಹಿಡಿದಿಟ್ಟುಕೊಂಡ ಕಾವಿನಲ್ಲೇ, ಆ ಕಾವು ಗಂಟೆಗಂಟೆಗೂ ಇಳಿಯುತ್ತ ಹೋಗುತ್ತದೆ. ಬ್ರೆಡ್, ಬನ್, ಪಫ್ ಏರುಕಾವಿನಲ್ಲೇ ಆಗಬೇಕು. ಕಾವು ಇಳಿದ ಮೇಲೆ ಹಾಕಿದರೆ ಬನ್ ಕಂದು ಬರುವುದಿಲ್ಲ, ಪಫ್ಫಿನ ಪದರ ಏಳುವುದಿಲ್ಲ. ಇಳಿಗಾವು ಬಿಸ್ಕತ್ತಿಗೆ, ರಸ್ಕಿಗೆ. ಐದರಿಂದ ಹತ್ತರವರೆಗೆ ಏರುಕಾವು, ಹತ್ತರಿಂದ ಒಂದರವರೆಗೆ ಇಳಿಗಾವು. ಇದು ಅಲ್ಲಿ ಟ್ರೇ ತಳ್ಳುವ ಹುಡುಗನಿಗೂ ಗೊತ್ತು. ನಮ್ಮ ಶೀಟಿಗೆ ಮಾತ್ರ ಎಂಟೂ ಗಂಟೆ ಒಂದೇ ಥರ.

ಹಾಗಾಗಿ ಭಟ್ಟಿಯ ಒಂದು ಸಾಲನ್ನು ಒಡೆದು ಎರಡು ಮಾಡಿದೆವು. ಏರುಕಾವಿನಲ್ಲಿ 1200 ಟ್ರೇ-ನಿಮಿಷ, ಬ್ರೆಡ್ ಬನ್ ಪಫ್‌ಗಳಿಗೆ ಮಾತ್ರ. ಇಳಿಗಾವಿನಲ್ಲಿ 720, ಬಿಸ್ಕತ್ತಿಗೆ ಮಾತ್ರ. ಅಂಗಡಿಯ ಮಾಮೂಲಿ ದಿನವನ್ನು ಹಾಕಿದರೆ ಏರುಕಾವಿನಲ್ಲಿ 1120 ಬಳಕೆ, ಹೆಚ್ಚುಕಡಿಮೆ ಭರ್ತಿ. ಇಳಿಗಾವಿನಲ್ಲಿ 288 ಮಾತ್ರ. ಯಜಮಾನರು ಹೇಳಿದ್ದೂ ಸರಿ, ಮಕ್ಕಳು ಕಂಡದ್ದೂ ಸರಿ.

ಈ ಎರಡನೇ ಶೀಟಿನ ಉತ್ತರ ಪಾಠಕ್ಕೆ ಬಹಳ ಒದಗಿತು, ಏಕೆಂದರೆ ಇಲ್ಲಿ ಕೈಕೆಲಸ, ಏರುಕಾವು ಎರಡೂ ಒಟ್ಟಿಗೆ ತುಂಬುತ್ತವೆ. ಒಟ್ಟು ₹9,010, ಪೂರ್ಣ ಟ್ರೇಗಳೇ ಬೇಕು ಅಂದರೆ ₹8,964: ಬ್ರೆಡ್ 19, ಖಾರಾ ಬನ್ 20, ಪಫ್ 12, ಬಿಸ್ಕತ್ 18. ಷಾಡೋ ಪ್ರೈಸ್ ಏರುಕಾವಿನ ಒಂದು ಟ್ರೇ-ನಿಮಿಷಕ್ಕೆ ₹1.20, ಕೈಕೆಲಸದ ಒಂದು ನಿಮಿಷಕ್ಕೆ ₹5. ಏರುಕಾವು ಕಾಲು ಗಂಟೆ ಹೆಚ್ಚು ಸಿಕ್ಕಿದರೆ, ಅಂದರೆ 60 ಟ್ರೇ-ನಿಮಿಷ, ದಿನಕ್ಕೆ ₹72. ಅದೇ ಕಾಲು ಗಂಟೆ ಇನ್ನೊಬ್ಬರ ಕೈ ಸಿಕ್ಕಿದರೆ ₹75. ಹತ್ತಿರ ಹತ್ತಿರ ಒಂದೇ ಅನ್ನಿಸುತ್ತದೆ. ಆದರೆ ಒಂದಕ್ಕೆ ಬ್ಯಾಂಕ್ ಸಾಲ ಬೇಕು, ಇನ್ನೊಂದಕ್ಕೆ ಬೆಳಗಿನ ಹೊತ್ತು ಬಂದು ಹೋಗುವ ಒಬ್ಬ ಆಳು ಸಾಕು. ಈ ಬೆಲೆ ಎಲ್ಲಿಯವರೆಗೆ ನಿಲ್ಲುತ್ತದೆ ಅಂತಲೂ ಅದೇ ವರದಿ ಹೇಳುತ್ತದೆ: ಕೈಕೆಲಸ 90 ನಿಮಿಷ ಹೆಚ್ಚಾಗುವವರೆಗೆ ಮಾತ್ರ ನಿಮಿಷಕ್ಕೆ ಐದು ರೂಪಾಯಿ. ಅದರಾಚೆ ಪಫ್ ತನ್ನ 16 ಟ್ರೇ ಮುಟ್ಟಿರುತ್ತದೆ, ಏರುಕಾವೂ ಮುಗಿದಿರುತ್ತದೆ, ಬಂದ ಆಳು ಬೀಡಿ ಸೇದಬೇಕಷ್ಟೆ. ಪರೀಕ್ಷೆಯಲ್ಲಿ ಷಾಡೋ ಪ್ರೈಸಿನ ವ್ಯಾಖ್ಯೆ ಬರೆಯುವವರು ಬೇಕಾದಷ್ಟು ಜನ. ಈ ಎಲ್ಲೆಯ ಕಾಲಂ ಓದುವವರು ನೂರಕ್ಕೊಬ್ಬರೂ ಸಿಗುವುದಿಲ್ಲ.

ಇನ್ನು ಉಳಿದದ್ದು ಖಾರಾ ಬನ್ನಿನ 20. ಯಾವ ಶೀಟಿನಲ್ಲೂ ಸಾಲ್ವರ್ ಆ 20ಕ್ಕೆ ಕೈ ಹಚ್ಚಲಿಲ್ಲ, ಪೂರ್ತಿ ತೆಗೆದುಕೊಂಡಿತು. ಹಾಗಾದರೆ ಯಜಮಾನರು ಹದಿನಾಲ್ಕೇ ಯಾಕೆ ಹಾಕುತ್ತಾರೆ? ಕೇಳಿದರೆ, "ಇಪ್ಪತ್ತು ಹೋಗೋ ದಿನಾನೂ ಇದೆ. ಹೋಗದ ದಿನ ನೀವು ಬಂದು ತಿಂತೀರಾ?" ಅಂದರು. ಹನ್ನೊಂದರ ಮೇಲೆ ಆರಿದ ಬನ್ನನ್ನು ಅವರು ಮಾರುವುದಿಲ್ಲ. ನಾವು ಮಿತಿ ಅಂದುಕೊಂಡಿದ್ದು ದಿನದಿನಕ್ಕೂ ಓಲಾಡುವ ಅಂಕಿ.

ಉಳಿದರೆ ದಂಡವಾಗುವ ಸರಕನ್ನು ಎಷ್ಟು ಇಟ್ಟುಕೊಳ್ಳಬೇಕು ಅನ್ನುವ ಇದು, ಪತ್ರಿಕೆ ಮಾರುವವನ ಲೆಕ್ಕ ಅಂತಲೇ ನಮ್ಮ ವಿಷಯದಲ್ಲಿ ಪ್ರಸಿದ್ಧ. ಬ್ಯಾಂಕು ಎಷ್ಟು ನಗದು ಇಟ್ಟುಕೊಂಡಿರಬೇಕು ಅಂತ 1888ರಲ್ಲಿ ಅರ್ಥಶಾಸ್ತ್ರಜ್ಞ ಎಜ್‌ವರ್ತ್ ಕೇಳಿಕೊಂಡ ಪ್ರಶ್ನೆಯ ವಂಶದ್ದು. ಒಂದು ಬನ್ ಕಡಿಮೆ ಮಾಡಿದರೆ ತಪ್ಪುವ ಲಾಭ ₹5, ಒಂದು ಹೆಚ್ಚು ಮಾಡಿ ಉಳಿದರೆ ಹೋಗುವ ಅಸಲು ₹7. ಐದನ್ನು, ಐದೂ ಏಳೂ ಸೇರಿದ ಹನ್ನೆರಡರಿಂದ ಭಾಗಿಸಿದರೆ ಸುಮಾರು 0.42. ನೂರರಲ್ಲಿ 42 ದಿನವಾದರೂ ಬೇಡಿಕೆ ಯಾವ ಅಂಕಿಯೊಳಗೆ ಮುಗಿಯುತ್ತದೋ ಅಷ್ಟು ಮಾಡಿದರೆ ಸಾಕು. ಲಾಭಕ್ಕಿಂತ ನಷ್ಟ ದೊಡ್ಡದಾದ್ದರಿಂದ ಅರ್ಧಕ್ಕಿಂತ ಹೆಚ್ಚು ದಿನ ಬನ್ ಖಾಲಿಯಾಗುವುದೇ ಲೆಕ್ಕಕ್ಕೆ ಸರಿ. ಗಿರಾಕಿ ವಾಪಸ್ ಹೋದ ಅಂತ ಮರುಗುವ ಯಜಮಾನರಿಗೆ ಈ ಮಾತು ಮೊದಲು ಹಿಡಿಸಲಿಲ್ಲ.

ಬೇಡಿಕೆ ಎಷ್ಟು ಅನ್ನುವುದು ಗಲ್ಲಾದ ಪುಸ್ತಕದಲ್ಲಿ ಸಿಗುವುದಿಲ್ಲ. ಹದಿನಾಲ್ಕು ಟ್ರೇ ಮಾಡಿದ ದಿನ ಹದಿನಾಲ್ಕೇ ಮಾರಿರುತ್ತದೆ. ಕೇಳಿ ವಾಪಸ್ ಹೋದವರನ್ನು ಯಾರು ಬರೆದಿಡುತ್ತಾರೆ? ಅದಕ್ಕೆ ಮಕ್ಕಳು ಸರದಿಯಲ್ಲಿ 18 ದಿನ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತು, ಬನ್ ಇಲ್ಲ ಅನ್ನಿಸಿಕೊಂಡವರಿಗೆಲ್ಲ ಒಂದೊಂದು ಗೆರೆ ಎಳೆದರು. 14 ಟ್ರೇ ಅಥವಾ ಕಡಿಮೆ ಬೇಕಾದ ದಿನ 3, 15ರ ದಿನ 2, 16ರ ದಿನ 3, ಉಳಿದ ಹತ್ತು ದಿನ ಅದಕ್ಕಿಂತ ಹೆಚ್ಚು. 16 ಟ್ರೇಗೆ 18ರಲ್ಲಿ 8 ದಿನ ಮುಗಿಯುತ್ತದೆ, ಅಂದರೆ 0.44. ಹದಿನೈದಕ್ಕೆ 0.28 ಮಾತ್ರ. ಉತ್ತರ 16. ಹದಿನೆಂಟು ದಿನದ ಲೆಕ್ಕವನ್ನು ನಂಬಿ ಕೂರಬಾರದು, ಅದರಲ್ಲೂ ಇಂಟರ್ನಲ್ ಪರೀಕ್ಷೆಯ ವಾರ ಸೇರಿರುವಾಗ. ಆದರೂ ಊಹೆಯ 20ಕ್ಕಿಂತ ಮೇಲು.

ಮಿತಿಯಲ್ಲಿ 20ರ ಬದಲು 16 ಹಾಕಿದಾಗ ಬನ್ನಿನಿಂದ ಬಿಡುವಾದ ಕೈ, ಕಾವು ಎರಡೂ ಪಫ್‌ಗೆ ಹೋದವು: ಬ್ರೆಡ್ 20, ಖಾರಾ ಬನ್ 16, ಪಫ್ 14, ಬಿಸ್ಕತ್ 18. ಮೊತ್ತ ₹8,820. ಮಾಮೂಲಿ ದಿನಕ್ಕಿಂತ ಸಾವಿರ ಚಿಲ್ಲರೆ ಹೆಚ್ಚು, ಹೊಸ ಭಟ್ಟಿಯಿಲ್ಲದೆ, ಹೊಸ ಆಳಿಲ್ಲದೆ. ಬನ್ ಕೆಲವು ದಿನ ಉಳಿಯುವುದನ್ನು ಆ ಮೊತ್ತ ಕಳೆದಿಲ್ಲ, ಹಾಗಾಗಿ ನಿಜದ ಅಂಕಿ ಇನ್ನಷ್ಟು ಕೆಳಗೇ ಇರುತ್ತದೆ.

ಯಜಮಾನರು ಕಾಗದ ನೋಡಿದರು. ಬ್ರೆಡ್ಡಿನಲ್ಲಿ ಎರಡು ಟ್ರೇ ಕಡಿಮೆ ಮಾಡುವುದಕ್ಕೆ ತಕ್ಷಣ ಒಪ್ಪಿದರು, ರಾತ್ರಿ ಉಳಿಯುತ್ತಿದ್ದದ್ದೂ ಸುಮಾರು ಅಷ್ಟೇ. ಬನ್ 16, ಆಗಲಿ. ಬಿಸ್ಕತ್ 18, ಇಳಿಗಾವು ಹೇಗೂ ದಂಡವಾಗುತ್ತಿದೆ. ಭಟ್ಟಿಯ ಸಾಲದ ಅರ್ಜಿ ಮೇಜಿನ ಡ್ರಾಯರಿಗೆ ಹೋಯಿತು. ಪಫ್ 14 ಅನ್ನುವ ಕಡೆ ಬೆರಳಿಟ್ಟು, ಹಿಂದಿನ ಕೋಣೆಗೆ ತಿರುಗಿ ಕೂಗಿದರು: "ಏನಪ್ಪಾ, ಹದಿನಾಲ್ಕು ಟ್ರೇ ಪಫ್ ಆಗುತ್ತಾ?"

"ಹನ್ನೆರಡರ ಮೇಲೆ ಒಂದೂ ಆಗಲ್ಲ ಸ್ವಾಮಿ" ಅಂತ ಒಳಗಿಂದ ಉತ್ತರ ಬಂತು.

ಮೂವರಲ್ಲಿ ಬೆಣ್ಣೆ ಹಚ್ಚಿ ಪದರ ಮಡಿಸುವುದು ಬರುವುದು ಅವರೊಬ್ಬರಿಗೇ. ಉಳಿದ ಇಬ್ಬರು ಹಿಟ್ಟು ನಾದುತ್ತಾರೆ, ಬನ್ ಉಂಡೆ ಕಟ್ಟುತ್ತಾರೆ, ಬಿಸ್ಕತ್ ಒತ್ತುತ್ತಾರೆ, ಪಫ್ ಮುಟ್ಟುವುದಿಲ್ಲ. ನಾವು ಮೂವರ ನಿಮಿಷಗಳನ್ನೂ ಒಂದೇ ಡಬ್ಬಕ್ಕೆ ಸುರಿದು 1260 ಅಂದಿದ್ದೆವು. ನಿಮಿಷಕ್ಕೆ ಐದು ರೂಪಾಯಿ ಅಂದದ್ದು ಯಾರ ನಿಮಿಷಕ್ಕೆ ಅಂತ ಯಾರೂ ಕೇಳಿರಲಿಲ್ಲ, ಅಪ್ಪನ ಅಂಗಡಿಯ ಲೆಕ್ಕ ಬರೆದವಳೂ ಕೇಳಿರಲಿಲ್ಲ.

ಈ ವರ್ಷದ ತಂಡಕ್ಕೆ ಕೊಟ್ಟಿರುವ ಶೀಟಿನಲ್ಲಿ ಕೈಕೆಲಸಕ್ಕೆ ಎರಡು ಸಾಲಿವೆ. ಒಂದರಲ್ಲಿ ಎಲ್ಲರದ್ದೂ ಸೇರಿ 1260. ಇನ್ನೊಂದು ಪಫ್ ಮಡಿಸುವವರದ್ದು, ಅಲ್ಲಿ 360 ಅಂತ ಇದೆ, ಪಕ್ಕದಲ್ಲಿ ಅಳತೆಯ ಮಾನವೂ ಇದೆ. ಅವರು ಊರಿನ ಜಾತ್ರೆಗೆ ಹೋಗುವ ವಾರ ಆ ಸೆಲ್‌ನಲ್ಲಿ ಸೊನ್ನೆ ಹಾಕಿ ಓಡಿಸಬೇಕು. ಎದುರಿನ ಅಂಗಡಿಯಲ್ಲಿ ಆ ವಾರ ಪಫ್ಫಿನ ಗಾಜಿನ ಪೆಟ್ಟಿಗೆ ಖಾಲಿ ಇರುತ್ತದೆ.